ಲೇತಿನ ಮೇಲೆ ತುಂಬಿದ ಲೋಟ

ಬಣ್ಣದ ಡಬ್ಬಿಗಳ ಹಿಂದೆ ಬಾಟಲಿ ಇರಲಿಲ್ಲ. ವುಕಾಶಿನ್ ಡಬ್ಬಿಗಳನ್ನು ಒಂದೊಂದಾಗಿ ಕೆಳಗಿಳಿಸಿ ಗ್ಯಾರೇಜಿನ ಹಲಗೆಯ ಮೂಲೆಯವರೆಗೂ ಬೆರಳಾಡಿಸಿದ. ಬಾಟಲಿ ತಳವೂರಿದ್ದ ದುಂಡು ಜಾಗದಲ್ಲಿ ಮಾತ್ರ ಧೂಳಿರಲಿಲ್ಲ. ಕುಳಿತವರು ಎದ್ದುಹೋದ ಮೇಲೂ ದಿಂಬಿನಲ್ಲಿ ಉಳಿಯುವ ತಗ್ಗಿನಂತೆ ಅದು ಅವನನ್ನು ದಿಟ್ಟಿಸುತ್ತಿತ್ತು. ತಲೆಯ ಮೇಲೆ, ಅಡುಗೆಮನೆಯ ನೆಲದಲ್ಲಿ, ಹೆಂಡತಿ ನೇವೆಂಕಾಳ ಚಪ್ಪಲಿಗಳು ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ ನಡೆದಾಡುತ್ತಿದ್ದವು. ತೆಗೆದವಳು ಅವಳೇ. ಅದರ ಬಗ್ಗೆ ಅವಳು ಒಂದು ಮಾತೂ ಆಡಿರಲಿಲ್ಲ, ಅವನೂ ಕೇಳುವಂತಿರಲಿಲ್ಲ. ಇನ್ನೇನು ಸ್ವಲ್ಪ ಹೊತ್ತಿನಲ್ಲಿ ಟ್ರ್ಯಾಕ್ಟರಿನ ಮೇಲೆ ಲೋಹ ಕಡೆಯುವ ಲೇತು ಬರುತ್ತದೆ, ಅದನ್ನು ಇಳಿಸಲು ಬೀದಿಯ ಗಂಡಸರು ಬರುತ್ತಾರೆ, ಬಂದವರ ಮುಂದೆ ಮನೆಯ ಯಜಮಾನ ಮೊದಲ ಲೋಟವನ್ನು ಎತ್ತಬೇಕು. ವುಕಾಶಿನ್ ತನ್ನ ಬಲಗೈಯನ್ನು ಬೆಳಕಿಗೆ ಹಿಡಿದ. ಸುಮ್ಮನಿದ್ದಾಗ ಅದು ಎಲ್ಲರ ಕೈಯಂತೆಯೇ ಇತ್ತು. ಏನನ್ನಾದರೂ ಹಿಡಿಯಲು ಮುಂದೆ ಚಾಚಿದೊಡನೆ, ಒಳಗಿನಿಂದ ಯಾರೋ ಎಳೆದು ಬಿಡುತ್ತಿರುವಂತೆ ನಡುಗತೊಡಗುತ್ತಿತ್ತು. ಎರಡು ಗುಟುಕು ರಾಕಿಯಾ, ಆ ಹಣ್ಣಿನ ಸಾರಾಯಿ, ಕುಡಿದು ಸ್ವಲ್ಪ ಹೊತ್ತು ಕಾದರೆ ನಡುಕ ನಿಲ್ಲುತ್ತಿತ್ತು. ಅದು ನಿಲ್ಲುವುದೇ ಅವನಿಗೆ ನಡುಕಕ್ಕಿಂತ ಹೆಚ್ಚು ನಾಚಿಕೆಯ ವಿಷಯವಾಗಿತ್ತು.

ಪ್ಲಮ್ ಮರಗಳು ಹೂ ಬಿಟ್ಟಿದ್ದಾಗ ಅವನು ಯಾರಿಗೂ ಹೇಳದೆ ಬಸ್ಸು ಹತ್ತಿ ಪಕ್ಕದ ಊರಿನ ಡಾಕ್ಟರನ್ನು ಕಂಡುಬಂದಿದ್ದ. ಎಳೆ ವಯಸ್ಸಿನ ಡಾಕ್ಟರು ಅವನಿಂದ ಕಾಗದದ ಮೇಲೊಂದು ಸುರುಳಿ ಬರೆಸಿ, ಹೆದರುವಂಥ ರೋಗವಲ್ಲ, ಕೆಲವು ಮನೆತನಗಳಲ್ಲಿ ಹರಿದು ಬರುವ ನಡುಕ, ಕುಡಿದರೆ ಗಳಿಗೆ ಹೊತ್ತು ಅಡಗುತ್ತದೆ, ಆದರೆ ಅದನ್ನೇ ಔಷಧಿ ಮಾಡಿಕೊಳ್ಳಬೇಡಿ ಎಂದಿದ್ದರು. ನಿಮ್ಮ ಮನೆಯಲ್ಲಿ ಯಾರಿಗಿತ್ತು ಎಂದು ಕೇಳಿದಾಗ ವುಕಾಶಿನ್, ಯೋಚಿಸುವ ಮೊದಲೇ, ಯಾರಿಗೂ ಇಲ್ಲ ಎಂದಿದ್ದ. ಬರೆದುಕೊಟ್ಟ ಮಾತ್ರೆಗಳನ್ನು ಅವನು ಕೊಳ್ಳಲಿಲ್ಲ. ಊರಿನ ಔಷಧಿ ಅಂಗಡಿಯಲ್ಲಿ ಕೂರುವವಳು ನೇವೆಂಕಾಳ ಚಿಕ್ಕಪ್ಪನ ಮಗಳು. ಸಂಜೆಯೊಳಗೆ ಮಾರುಕಟ್ಟೆಯ ಮೊಟ್ಟೆ ಮಾರುವವಳಿಗೂ ಸುದ್ದಿ ಮುಟ್ಟುತ್ತಿತ್ತು. ಅವನು ದುಡಿಯುತ್ತಿದ್ದ ಕಾರ್ಖಾನೆಯ ಅಳತೆ ಕೋಣೆಯಲ್ಲಿ ಅವನ ಕೈಯನ್ನು ಎಲ್ಲರೂ ತಣ್ಣನೆ ಕೈ ಎನ್ನುತ್ತಿದ್ದರು. ಕೂದಲೆಳೆಯನ್ನು ಸೀಳಿ ಅಳೆಯಬಲ್ಲ ಕೈ. ಅದು ನಡುಗುತ್ತದೆ ಎಂದು ತಿಳಿದರೆ ಜನ ದನಿ ತಗ್ಗಿಸಿ ಮಾತಾಡಿಸುತ್ತಾರೆ, ಬಾಗಿಲು ತೆರೆದು ದಾರಿ ಬಿಡುತ್ತಾರೆ. ಕುಡಿಯುತ್ತಾನೆ ಎಂದು ತಿಳಿದರೆ ಬೆನ್ನು ತಟ್ಟಿ ನಗುತ್ತಾರೆ. ನೇವೆಂಕಾ ನಗಲಾರಳು ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ, ಬೇಸಿಗೆಯುದ್ದಕ್ಕೂ, ಗ್ಯಾರೇಜಿನಿಂದ ಮೇಲೆ ಬಂದಾಗಲೆಲ್ಲ ಅವಳು ಯಾವುದೋ ನೆಪದಲ್ಲಿ ತನ್ನ ಮುಖದ ಹತ್ತಿರ ಬಂದು ಉಸಿರೆಳೆದುಕೊಳ್ಳುವುದನ್ನು ಸಹಿಸಿಕೊಂಡು ನಿಂತಿದ್ದ.

ಕಾರು ಮಾರಿದ ಮೇಲೆ ಗ್ಯಾರೇಜು ಖಾಲಿಯಾಗಿತ್ತು. ವಸಂತದಲ್ಲಿ ಬೀದಿಯವರೆಲ್ಲ ಬಂದು ಹೊಸ ಕಾಂಕ್ರೀಟು ಹಾಕಿಕೊಟ್ಟರು. ಇಲ್ಲಿ ಯಾರ ಮನೆಯ ತಾರಸಿ, ಯಾರ ಮನೆಯ ನೆಲವಾದರೂ ಹಾಗೆಯೇ, ಕೂಲಿಯಿಲ್ಲ, ಮಧ್ಯಾಹ್ನದ ಊಟವುಂಟು. ಪಕ್ಕದ ಮನೆಯ ಗಾರೆಯವ ರಾದಿಶಾ ನೆಲಕ್ಕೆ ನಯ ಕೊಡುತ್ತಿದ್ದಾಗ ವುಕಾಶಿನ್ ನಡುಗುವ ಕೈ ಅಡಗಿಸಲೆಂದು ಒಳಗೆ ಹೋಗಿದ್ದ. ಮರಳಿ ಬರುವಷ್ಟರಲ್ಲಿ ಆತ, ಎಲ್ಲ ಗ್ಯಾರೇಜುಗಳಿಗೂ ಮಾಡುವಂತೆ, ನೆಲವನ್ನು ಬಾಗಿಲ ಕಡೆಗೆ ಇಳಿಜಾರು ಮಾಡಿ ಮುಗಿಸಿದ್ದ. ಯಂತ್ರ ಕೂರುವ ನೆಲ ಸಮತಟ್ಟಾಗಿರಬೇಕಿತ್ತು ಎಂದು ಹೇಳುವುದು ಆಗ ತಡವಾಗಿತ್ತು. ಪುಕ್ಕಟೆ ದುಡಿದವನ ಮುಂದೆ ಹೇಳುವುದು ಅಸಾಧ್ಯವೂ ಆಗಿತ್ತು. ಆಮೇಲೆ ಒಬ್ಬನೇ, ಒಡೆದ ರೈಲು ಡಬ್ಬಿಯ ಓಕ್ ತೊಲೆಗಳಿಂದ ಬೆಂಚು ಕಟ್ಟಿದ, ಅದರ ತುದಿಗೆ ತುಂಡುಗಳನ್ನು ಬಿಗಿದು ಹಿಡಿಯುವ ವೈಸು ಕೂರಿಸಿದ, ಕಿಟಕಿಯನ್ನು ಉತ್ತರಕ್ಕೆ ತೆರೆಸಿದ, ಗೋಡೆಗೆ ಪ್ಲೈವುಡ್ ಹೊಡೆದು ಒಂದೊಂದು ಹತಾರಕ್ಕೂ ಮೊಳೆ ಹಾಕಿ, ಅದರ ಹಿಂದೆ ಅದರದೇ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದ. ಕಾರ್ಖಾನೆಯಲ್ಲಿ ಹಾಗಿತ್ತು, ಹತಾರ ಇಲ್ಲದಾಗಲೂ ಅದರ ಜಾಗ ಅದನ್ನು ನೆನಪಿಟ್ಟುಕೊಂಡಿರಬೇಕು. ಆದರೆ ಬೆಳಿಗ್ಗೆ ಬರೆದ ಗರಗಸದ ಗೆರೆ ನೀರಿನಲ್ಲಿ ಕಂಡ ಗರಗಸದಂತೆ ಅಲೆಯಲೆಯಾಗಿತ್ತು. ಗುಟುಕಿನ ಅನಂತರ ಬರೆದ ಇಕ್ಕಳ, ಉಳಿ, ಸ್ಪ್ಯಾನರುಗಳು ಅಚ್ಚು ಹೊಡೆದಂತಿದ್ದವು. ಅರ ಹಿಡಿದರೆ ಅಂಚು ಸೊಟ್ಟಗಾಗುತ್ತಿತ್ತು, ಬೆಸುಗೆ ಹಾಕಹೋದರೆ ಸೀಸ ಪಕ್ಕಕ್ಕೆ ತೊಟ್ಟಿಕ್ಕುತ್ತಿತ್ತು. ಲೇತಿನಲ್ಲಿ ಮಾತ್ರ ಹಾಗಲ್ಲ; ಅಲ್ಲಿ ಉಳಿಯನ್ನು ಕಬ್ಬಿಣವೇ ಹಿಡಿದಿರುತ್ತದೆ, ಮನುಷ್ಯ ಚಕ್ರ ತಿರುಗಿಸಿದರೆ ಸಾಕು. ತನ್ನ ಕೈ ಇನ್ನೂ ಒಂದು ನೇರವಾದ ವಸ್ತುವನ್ನು ಮಾಡಬಲ್ಲ ಜಾಗ ಲೋಕದಲ್ಲಿ ಉಳಿದಿದ್ದರೆ ಅದು ಅಲ್ಲಿ. ಅದಕ್ಕೇ ಅವನು ಇಡೀ ಗ್ಯಾರೇಜನ್ನು ಇನ್ನೂ ಬಾರದ ಅತಿಥಿಗೆ ಹಾಸಿಗೆ ಹಾಸಿದಂತೆ ಸಿದ್ಧಮಾಡಿ ಕಾಯುತ್ತಿದ್ದ.

ಲೇತು ಸತ್ತುಹೋದ ಗೆಳೆಯ ಟಿಹೊಮಿರ್‌ನದು. ಅವನ ಹೆಂಡತಿ ಸವೆತಾ ಅದನ್ನು ಮಾರಲಿಲ್ಲ, ಕೊಟ್ಟಳು. ಆದರೆ ಕೊಡುವಾಗ, ನಿಂತ ಯಂತ್ರ ನೋಡುವುದಕ್ಕೆ ನನ್ನಿಂದ ಆಗುವುದಿಲ್ಲ, ದುಡಿಸುವ ಕೈಗೆ ಮಾತ್ರ ಕೊಡುತ್ತೇನೆ, ಇಲ್ಲದಿದ್ದರೆ ನನ್ನ ಸೋದರಳಿಯ ಕೇಳುತ್ತಿದ್ದಾನೆ ಎಂದಿದ್ದಳು. ಹಾಗೆ ಹೇಳಿ ಅವನ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದುಕೊಂಡಿದ್ದಳು. ಆ ದಿನ ಅವನು ಕುಡಿದು ಹೋಗಿದ್ದ. ಕೈ ಕಲ್ಲಿನ ಹಾಗಿತ್ತು.

ಟ್ರ್ಯಾಕ್ಟರಿನ ಸದ್ದು ತಿರುವಿನಲ್ಲಿ ಕೇಳಿದಾಗ ಅವನು ಡಬ್ಬಿಗಳನ್ನು ಮತ್ತೆ ಜೋಡಿಸುತ್ತಿದ್ದ. ಒಂದು ಕೈಜಾರಿ ಬಿದ್ದು, ಇಳಿಜಾರಿನಲ್ಲಿ ಉರುಳುತ್ತ ಬಾಗಿಲಿಗೆ ಹೋಗಿ ರಾದಿಶಾನ ಬೂಟಿಗೆ ತಾಗಿ ನಿಂತಿತು. ರಾದಿಶಾ ಅದನ್ನೆತ್ತಿಕೊಂಡು ಒಳಗೆ ಬಂದ. ಅವನ ಹಿಂದೆ ಮೂವರು ಹಾರೆ, ಕಬ್ಬಿಣದ ಕೊಳವೆಗಳನ್ನು ಹೊತ್ತು ಬಂದರು. ಸವೆತಾ ಕಪ್ಪು ತಲೆವಸ್ತ್ರ ಕಟ್ಟಿಕೊಂಡು, ಶವದ ಗಾಡಿಯ ಜೊತೆ ನಡೆಯುವವಳಂತೆ, ಟ್ರ್ಯಾಕ್ಟರಿನ ಪಕ್ಕದಲ್ಲೇ ನಡೆದು ಬಂದಿದ್ದಳು. ಗಂಡಸರು ಲೇತನ್ನು ಹಲಗೆಗಳ ಮೇಲೆ ಜಾರಿಸಿ ಕೊಳವೆಗಳ ಮೇಲೆ ಇಳಿಸಿದರು. ಹಿಂದಿನ ಕೊಳವೆ ಹೊರಬಿದ್ದಂತೆ ಎತ್ತಿ ಮುಂದಕ್ಕೆ ಹಾಕುತ್ತ, ಏರಿನಲ್ಲಿ ಅಂಗುಲ ಅಂಗುಲವಾಗಿ ಒಳಗೆ ತಳ್ಳಿದರು. ವುಕಾಶಿನ್ ಹಾರೆಯನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದಿದ್ದ. ಭಾರವಿದ್ದಾಗ ನಡುಕ ಕಾಣುವುದಿಲ್ಲ. ಹಸಿರು ಬಣ್ಣ ಬಳಿದ ಆ ದೊಡ್ಡ ಮೈ ಕಿಟಕಿಯ ಬೆಳಕಿಗೆ ಬಂದು ನಿಂತಾಗ ಎಲ್ಲರೂ ಹಾರೆಗಳನ್ನು ಕೆಳಗಿಟ್ಟರು. ಆಮೇಲೆ ರಾದಿಶಾ ಬೆವರೊರೆಸಿಕೊಳ್ಳುತ್ತ ಗೋಡೆಯತ್ತ ನೋಡಿದ.

"ಏನ್ ಮೇಸ್ತ್ರಿ, ನಿನ್ನ ಗರಗಸಕ್ಕೆ ಚಳಿಜ್ವರ ಬಂದಂಗಿದೆ. ಒಂದು ಕಂಬಳಿ ಹೊದಿಸು ಮಾರಾಯ."

ನಕ್ಕರು. ವುಕಾಶಿನ್ ಕೂಡ ನಕ್ಕ. ನಗು ಗಂಟಲಿನಲ್ಲೂ ಸ್ವಲ್ಪ ನಡುಗಿತೇನೋ ಎಂದು ಅವನಿಗೆ ಅನಿಸಿತು. ಈಚೆಗೆ ತನ್ನ ದನಿಯನ್ನೂ ಅವನು ನಂಬುತ್ತಿರಲಿಲ್ಲ. ಬಾಗಿಲಲ್ಲಿ ತಟ್ಟೆ ಹಿಡಿದು ನೇವೆಂಕಾ ನಿಂತಿದ್ದಳು. ತಟ್ಟೆಯ ಮೇಲೆ ಪುಟ್ಟ ಲೋಟಗಳು, ಅವುಗಳ ನಡುವೆ ಕತ್ತಿನಲ್ಲಿ ಚೂರು ಮುಕ್ಕಾದ ಬಾಟಲಿ. ಡಬ್ಬಿಗಳ ಹಿಂದಿನದೇ. ಅವಳು ಯಾರ ಮುಖವನ್ನೂ ನೋಡದೆ ಒಂದೊಂದೇ ಲೋಟವನ್ನು ಅಂಚಿನವರೆಗೆ ತುಂಬಿದಳು. ಅಂಚಿಗೂ ಮೇಲೆ, ರಾಕಿಯಾ ತನ್ನ ಮೈಯನ್ನು ತಾನೇ ಹಿಡಿದುಕೊಂಡು ಉಬ್ಬಿ ನಿಲ್ಲುವಷ್ಟು. ಕಡಿಮೆ ತುಂಬಿಸುವುದೆಂದರೆ ಬಂದವರನ್ನು ಎದ್ದುಹೋಗಿ ಎಂದಂತೆ.

ಹಿಂದೆ ವುಕಾಶಿನ್‌ನ ಅಪ್ಪನ ಲೋಟ ಮಾತ್ರ ಯಾವಾಗಲೂ ಅರ್ಧವಿರುತ್ತಿತ್ತು. ಮನೆತನವನ್ನು ಕಾಯುವ ಸಂತನ ಹಬ್ಬದ ದಿನ, ಮೇಣದಬತ್ತಿ ಉರಿಯುತ್ತಿದ್ದಾಗ, ಅಮ್ಮ ಎಲ್ಲರಿಗೂ ತುಂಬಿಸಿ ಬಂದು ಅಪ್ಪನ ಬಳಿ ಕೈ ತಡೆಯುತ್ತಿದ್ದಳು. ಅವನಿಗೆ ಅರ್ಧ ಸಾಕು, ಉಳಿದರ್ಧ ಕೊಟ್ಟಿಗೆಯಲ್ಲೇ ಕುಡಿದಾಗಿದೆ ಎಂದು ದೊಡ್ಡಪ್ಪ ನಗಿಸುತ್ತಿದ್ದ. ಅಪ್ಪ ಎರಡೂ ಕೈಗಳಿಂದ ಲೋಟ ಹಿಡಿದು, ತಲೆಯನ್ನೇ ಲೋಟದ ಕಡೆಗೆ ಬಗ್ಗಿಸಿ ಕುಡಿಯುತ್ತಿದ್ದ. ಮೇಜಿನ ತುದಿಯಲ್ಲಿ ಕುಳಿತ ಹುಡುಗ ವುಕಾಶಿನ್ ತಲೆ ತಗ್ಗಿಸಿ ರೊಟ್ಟಿಯ ಚೂರುಗಳನ್ನು ಎಣಿಸುತ್ತಿದ್ದ. ಮುಂದೆ ತನ್ನ ಮದುವೆಯ ದಿನ ಅವನೇ, ಬಡಿಸುವವನಿಗೆ ಕಣ್ಣಲ್ಲೇ ಸನ್ನೆ ಮಾಡಿ, ಅಪ್ಪನ ಲೋಟವನ್ನು ಖಾಲಿ ಬಿಡಿಸಿದ್ದ. ಎಲ್ಲರೂ ಎದ್ದು ನಿಂತು ಲೋಟ ತಾಗಿಸುವಾಗ ಅಪ್ಪ ಖಾಲಿ ಲೋಟವನ್ನೇ ಎತ್ತಿ ಹಿಡಿದಿದ್ದ. ಖಾಲಿ ಲೋಟ ನಡುಗಿದರೆ ಯಾರಿಗೂ ಕಾಣುವುದಿಲ್ಲ.

"ಎತ್ತಪ್ಪ ಯಜಮಾನ," ರಾದಿಶಾ ಅಂದ. "ನಮ್ಮ ಗಂಟಲಲ್ಲಿ ಕಾಂಕ್ರೀಟು ಗಟ್ಟಿಯಾಗ್ತಾ ಇದೆ."

ಎಲ್ಲರ ಕಣ್ಣುಗಳೂ ಅವನ ಮೇಲಿದ್ದವು. ಲೋಟ ತಾಗಿಸುವಾಗ ಕಣ್ಣಿಗೆ ಕಣ್ಣು ಕೊಡಬೇಕು. ಅವನು ತಟ್ಟೆಯ ಕಡೆಗೆ ಕೈ ಚಾಚಿದ. ಲೋಟವನ್ನು ಮುಟ್ಟುವ ಮೊದಲೇ ಕೈ ಅವನದಾಗಿ ಉಳಿಯಲಿಲ್ಲ. ಎತ್ತಿದ. ಉಬ್ಬಿ ನಿಂತ ಮೈ ಒಡೆಯಿತು. ರಾಕಿಯಾ ಬೆರಳುಗಳ ಮೇಲೆ, ಮಣಿಕಟ್ಟಿನ ಮೇಲೆ, ಹೊಸ ಕಾಂಕ್ರೀಟಿನ ಮೇಲೆ ಚೆಲ್ಲಿತು. ಒಮ್ಮೆ, ಮತ್ತೊಮ್ಮೆ. ಈಗ ಯಾರೋ ಹೇಳುತ್ತಾರೆ, ಈಗ.

ಹೇಳಿದವಳು ಸವೆತಾ. "ಹೌದು," ಅಂದಳು ಮೆಲ್ಲಗೆ, "ಮೊದಲು ಅವನಿಗೆ." ಅವಳು ತನ್ನ ಲೋಟವನ್ನು ಎತ್ತಿಕೊಂಡು ವಾಲಿಸಿ ಲೇತಿನ ಕಾಲಬುಡದಲ್ಲಿ ಒಂದಿಷ್ಟು ಸುರಿದಳು. ಸತ್ತವರ ಆತ್ಮಕ್ಕೆ ಮೊದಲ ಹನಿ ನೆಲಕ್ಕೆ. ರಾದಿಶಾ ನಾಚಿಕೊಂಡವನಂತೆ ಟೋಪಿ ತೆಗೆದ. ತಾನು ಮರೆತದ್ದನ್ನು ಯಜಮಾನ ಮರೆಯಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಸುರಿದರು, ಟಿಹೊಮಿರ್‌ಗೆ ಶಾಂತಿ ಸಿಗಲಿ ಅಂದರು. ಚೆಲ್ಲಿದ ರಾಕಿಯಾ ಒಂದಾಗಿ, ಸಣ್ಣ ತೊರೆಯಾಗಿ, ಇಳಿಜಾರು ಹಿಡಿದು ಬಾಗಿಲಿಗೆ ಹರಿಯಿತು. ನೇವೆಂಕಾ ಒಬ್ಬಳು ನೆಲ ನೋಡಲಿಲ್ಲ. ಅವಳು ಅವನ ಮಣಿಕಟ್ಟನ್ನು ನೋಡುತ್ತಿದ್ದಳು. ವುಕಾಶಿನ್ ಉಳಿದದ್ದನ್ನು ಒಂದೇ ಗುಟುಕಿಗೆ ನುಂಗಿದ. ಸತ್ತ ಗೆಳೆಯ ತನ್ನ ಕೈಕೆಳಗೆ ಕೈ ಕೊಟ್ಟು ಹಿಡಿದಂತಾಯಿತು. ಆ ಕೈಯನ್ನು ತಾನು ಕದ್ದಂತೆಯೂ ಆಯಿತು.

ಆಮೇಲೆ ಸವೆತಾ, ಟಿಹೊಮಿರ್ ಮಾಡುತ್ತಿದ್ದಂತೆಯೇ ಮಾಡಬೇಕು ಅಂದಳು. ಅವನು ಯಾವ ಲೇತನ್ನು ಕೂರಿಸಿದರೂ ಅದರ ಚಪ್ಪಟೆ ಕಬ್ಬಿಣದ ಹಾಸಿನ ಮೇಲೆ ತುಂಬಿದ ಲೋಟವೊಂದನ್ನಿಟ್ಟು ಯಂತ್ರ ಓಡಿಸುತ್ತಿದ್ದ. ಒಂದು ಹನಿಯೂ ತುಳುಕದಿದ್ದರೆ ಯಜಮಾನ ಆ ಲೋಟವನ್ನು ಕುಡಿಯಬೇಕು, ತುಳುಕಿದರೆ ಮತ್ತೆ ಬಿಚ್ಚಿ ಕೂರಿಸಬೇಕು. ಲೋಟವನ್ನು ಇಡಬೇಕಾದದ್ದು ಯಜಮಾನನ ಕೈಯೇ. ವುಕಾಶಿನ್ ತಲೆಯಾಡಿಸಿದ. ಅವನಿಗೆ ಸಮಯ ಬೇಕಿತ್ತು. ಹೊಟ್ಟೆಯಲ್ಲಿನ ಬಿಸಿ ಬೆರಳುಗಳನ್ನು ತಲುಪುವಷ್ಟು ಸಮಯ. ರಾದಿಶಾ ಮಾಡಿದ ಇಳಿಜಾರು ಅವನನ್ನು ಕಾಪಾಡಿತು. ಸಮತಟ್ಟು ನೋಡುವ ರಸಮಟ್ಟ ಇಟ್ಟರೆ ಅದರೊಳಗಿನ ಗುಳ್ಳೆ ಒಂದೇ ಕಡೆಗೆ ಓಡುತ್ತಿತ್ತು. ಬಾಗಿಲ ಕಡೆಯ ಕಾಲುಗಳ ಅಡಿಗೆ ಉಕ್ಕಿನ ತಗಡುಗಳನ್ನು ಒಂದರ ಮೇಲೊಂದು ತಳ್ಳಿಸಿದ, ಹಾರೆಯಿಂದ ಎತ್ತಿಸಿದ, ಸಾಲದು ಎಂದ, ಹೆಚ್ಚಾಯಿತು ಎಂದ. ತನ್ನ ನೆಲಕ್ಕೆ ಇಷ್ಟು ಅವಮಾನ ಯಾರೂ ಮಾಡಿರಲಿಲ್ಲ ಎಂದು ರಾದಿಶಾ ಗೊಣಗಿದ, ಇದರಲ್ಲಿ ಕಾರು ನಿಲ್ಲಿಸುತ್ತೀಯೋ ಗಡಿಯಾರ ನಿಲ್ಲಿಸುತ್ತೀಯೋ ಎಂದು ಕೇಳಿದ. ಮೊಣಕಾಲೂರಿ ಕುಳಿತ ವುಕಾಶಿನ್ ಗುಳ್ಳೆಯನ್ನೇ ನೋಡುತ್ತಿದ್ದ. ಅದು ತೂಗಾಡಿತು, ಅಲುಗಿತು, ನಡುವಿಗೆ ಬಂದು ನಿಂತಿತು. ಆಗ ರಸಮಟ್ಟ ಹಿಡಿದಿದ್ದ ಬೆರಳುಗಳೂ ನಿಂತಿರುವುದನ್ನು ಅವನು ಕಂಡ.

ಎದ್ದು ಲೋಟವನ್ನು ತಾನೇ ತುಂಬಿದ, ಅಂಚಿಗೂ ಮೇಲೆ. ಎರಡು ಬೆರಳುಗಳಲ್ಲಿ ಎತ್ತಿ, ಗಾಳಿಯಲ್ಲಿ ಬೇಕೆಂದೇ ನಿಧಾನಿಸಿ, ಹಾಸಿನ ಮೇಲೆ ಇಟ್ಟ. ಗುಂಡಿ ಒತ್ತಿದ. ಯಂತ್ರ ಗಂಟಲು ಸರಿಮಾಡಿಕೊಂಡು ಓಡತೊಡಗಿತು. ಲೋಟದ ಮೇಲ್ಮೈಯಲ್ಲಿ ಕಿಟಕಿ ಪೂರ್ತಿಯಾಗಿ ಇತ್ತು, ಅದರ ಕಂಬಿಗಳು ನೇರವಾಗಿದ್ದವು. ಸವೆತಾ ತಲೆವಸ್ತ್ರದ ಅಂಚಿನಿಂದ ಕಣ್ಣೊತ್ತಿಕೊಂಡಳು. ಗಂಡಸರು ಮೇಸ್ತ್ರಿ ಮೇಸ್ತ್ರಿಯೇ ಅಂದರು. ಗೆದ್ದೆ ಎಂದುಕೊಂಡು ವುಕಾಶಿನ್ ತಲೆಯೆತ್ತಿದ. ನೇವೆಂಕಾಳ ಮುಖ ಕಂಡಿತು. ಅವಳು ಲೋಟವನ್ನು ನೋಡುತ್ತಿರಲಿಲ್ಲ. ಅದನ್ನು ಇಟ್ಟ ಕೈಯನ್ನು ನೋಡುತ್ತಿದ್ದಳು, ಹೆಣದ ಗುರುತು ಹಿಡಿಯಲು ಕರೆತಂದವರು ಅದನ್ನು ನೋಡುವಂತೆ. ಕುಡಿಯುವ ಮೊದಲು ನಡುಗಿದ್ದ ಕೈ, ಕುಡಿದ ಮೇಲೆ ನಿಂತ ಕೈ.

ಊಟವಾಯಿತು; ಹೊಗೆಯಾಡಿಸಿದ ಮಾಂಸ ಹಾಕಿದ ಕಾಳಿನ ಸಾರು, ಜೋಳದ ರೊಟ್ಟಿ. ನೇವೆಂಕಾ ಎಲ್ಲರಿಗೂ ಬಡಿಸಿದಳು, ರಾದಿಶಾ ಅತ್ತಿಗೆ ಅತ್ತಿಗೆ ಎಂದು ಎರಡು ಸಲ ಹಾಕಿಸಿಕೊಂಡ. ಹೊರಡುವಾಗ ಸವೆತಾ ಚೀಲದಿಂದ ಹಿತ್ತಾಳೆಯ ತುಂಡೊಂದನ್ನು ತೆಗೆದು ಬೆಂಚಿನ ಮೇಲಿಟ್ಟಳು. ಹಬ್ಬದ ಮೇಣದಬತ್ತಿ ನಿಲ್ಲಿಸುವ ಬಟ್ಟಲಿನ ಕಂಠ ಮುರಿದಿದೆ, ಟಿಹೊಮಿರ್ ಮಾಡುತ್ತೇನೆ ಮಾಡುತ್ತೇನೆ ಎನ್ನುತ್ತಲೇ ಹೋದ, ಈ ಯಂತ್ರದಲ್ಲಿ ಮೊದಲು ಆಗುವ ಕೆಲಸ ಅದೇ ಆಗಲಿ ಎಂದಳು.

ಬಾಗಿಲು ಮುಚ್ಚುವ ಹೊತ್ತಿಗೆ ನೇವೆಂಕಾ ಬಾಟಲಿ ಹಿಡಿದು ಬಂದಳು. ಅದನ್ನು ಬೆಂಚಿನ ಮೇಲೆ, ಹಿತ್ತಾಳೆಯ ಪಕ್ಕದಲ್ಲಿ, ಶಬ್ದವಾಗದಂತೆ ಇಟ್ಟಳು.

"ಇನ್ನು ಡಬ್ಬಿ ಹಿಂದೆ ಬಚ್ಚಿಡೋದು ಬೇಡ. ಇಲ್ಲೇ ಇರ್ಲಿ."

ಅವನು ಚಿಂದಿಬಟ್ಟೆ ತೆಗೆದುಕೊಂಡು ಬೆಂಚು ಒರೆಸತೊಡಗಿದ.

"ನಮ್ಮಪ್ಪನ ಕೈನೂ ಮೊದಲನೇ ಲೋಟದ ತನಕ ನಡುಗ್ತಿತ್ತು. ಆಮೇಲೆ ಸೂಜಿಗೆ ದಾರ ಪೋಣಿಸಿ ತೋರಿಸ್ತಿದ್ದ. ಅಮ್ಮ ನಗ್ತಿದ್ಲು. ಒಂದಿನ ನಗೋದು ಬಿಟ್ಲು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಭಯ ಹುಟ್ಟಿಸಿತು. "ನಾನು ಚಳಿಗಾಲಕ್ಕೆ ಅಕ್ಕನ ಮನೆಗೆ ಹೋಗ್ತೀನಿ. ಇನ್ನೊಂದು ಸಲ ಅದನ್ನೆಲ್ಲ ನೋಡೋಕೆ ನನ್ನಿಂದ ಆಗಲ್ಲ."

ಇಲ್ಲಿ ಸುಮ್ಮನಿದ್ದರೆ ಎಲ್ಲ ಉಳಿಯುತ್ತದೆ ಎಂದು ಅವನಿಗೆ ಅನಿಸಿತು. ಲೇತು, ಮೇಸ್ತ್ರಿ ಎಂಬ ಹೆಸರು, ಬೆನ್ನು ತಟ್ಟುವ ಗಂಡಸರು. ಅವಳೊಬ್ಬಳು ಹೋಗುತ್ತಾಳೆ. ಹಸಿರು ಯಂತ್ರ ಇಬ್ಬರ ಮಾತನ್ನೂ ಕೇಳಿಸಿಕೊಳ್ಳಲು ನಿಂತಂತೆ ನಿಂತಿತ್ತು.

"ಇದು ಕುಡಿತ ಅಲ್ಲ ನೇವೆಂಕಾ."

"ಎಲ್ಲರೂ ಹಂಗೇ ಅಂತಾರೆ."

ಅವನು ಡಾಕ್ಟರ ವಿಷಯ ಹೇಳಿದ. ಬಸ್ಸು, ಸುರುಳಿ, ಮನೆತನದ ಪ್ರಶ್ನೆ, ಕೊಳ್ಳದ ಮಾತ್ರೆ. ಹೇಳುತ್ತ ಹೇಳುತ್ತ, ತನ್ನ ಮಾತು ಯಾವ ಕುಡುಕನೂ ಕಟ್ಟಬಹುದಾದ ಕತೆಯಂತೆ ಅವನಿಗೇ ಕೇಳಿಸಿತು. ಕೈ ಚಾಚಿ ತೋರಿಸೋಣವೆಂದರೆ ಅದು ಇನ್ನೂ ನಿಂತೇ ಇತ್ತು. ಸಂಜೆ ನಡುಗಿದರೂ ಅದು ಯಾವ ನಡುಕವೆಂದು ಯಾರು ಹೇಳಬೇಕು? ಆಗ, ಯೋಚಿಸದೆಯೇ, ಬೇರೊಂದು ಮಾತು ಬಾಯಿಗೆ ಬಂತು.

"ಅಮ್ಮ ಅಪ್ಪನಿಗೆ ಅರ್ಧ ಲೋಟವೇ ಹಾಕ್ತಿದ್ಲು. ನೀನೂ ನೋಡಿದ್ದೆ. ಅಪ್ಪ ಕುಡೀದಿರ್ಲಿ ಅಂತ ಅಂದ್ಕೊಂಡಿದ್ದೆ ನಾನು." ಅವನು ನಿಲ್ಲಿಸಿದ. ಇಷ್ಟು ವರ್ಷ ಬಾಗಿಲ ಹಿಂದೆ ನಿಂತಿದ್ದದ್ದು ಈಗ ತಾನೇ ಒಳಗೆ ಬಂದು ಕುಳಿತಂತಾಯಿತು. "ಅದಕ್ಕಲ್ಲ. ಚೆಲ್ಲದಿರ್ಲಿ ಅಂತ."

ನೇವೆಂಕಾ ಒಂದು ಹೆಜ್ಜೆ ಹತ್ತಿರ ಬಂದಳು. "ಅಂದ್ರೆ ಇಡೀ ಬೇಸಿಗೆ ನಾನು ನಿನ್ನ ಬಾಯಿ ಮೂಸ್ತಾ ಇದ್ದೆ. ನೀನು ಮೂಸಿಸ್ಕೊಂಡು ನಿಂತಿರ್ತಿದ್ದೆ." ಮೆಟ್ಟಿಲ ಬಳಿ ತಿರುಗಿ, "ಕುಡುಕನ ಹೆಂಡತಿ ಆಗೋದು ನಂಗೆ ಸುಲಭ ಅಂದ್ಕೊಂಡ್ಯಾ," ಎಂದು ಮೇಲೆ ಹೋದಳು. ನಂಬಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಆ ರಾತ್ರಿ ಹಾಸಿಗೆಯಲ್ಲಿ ಅವಳ ಬೆನ್ನು ಮುಚ್ಚಿದ ಬಾಗಿಲಿನಂತಿತ್ತು.

ಬೆಳಿಗ್ಗೆ ಅವನು ಕೆಳಗಿಳಿದಾಗ ಬಾಟಲಿ ಬೆಂಚಿನ ಮೇಲೆ ಇಟ್ಟಲ್ಲೇ ಇತ್ತು. ಅವನು ಅದನ್ನು ನೋಡಿದ, ಬಾಯಲ್ಲಿ ನೀರೂರಿತು, ಬೆನ್ನು ಕೊಟ್ಟು ನಿಂತ. ಹಿತ್ತಾಳೆಯನ್ನು ಲೇತಿನ ಹಿಡಿತಕ್ಕೆ ಕೂರಿಸಲು ಹೊತ್ತು ಹಿಡಿಯಿತು. ಬಿಗಿಮಾಡುವ ಕೀಲಿ ತೂತನ್ನು ತಪ್ಪಿಸಿ ತಪ್ಪಿಸಿ ಕಬ್ಬಿಣಕ್ಕೆ ಬಡಿಯಿತು. ಆ ಟಣಟಣ ಶಬ್ದ ತಲೆಯ ಮೇಲಿನ ಅಡುಗೆಮನೆಗೆ ಕೇಳುತ್ತಿದೆ ಎಂದು ಅವನಿಗೆ ಗೊತ್ತಿತ್ತು. ಚಪ್ಪಲಿಗಳ ಸದ್ದು ನಿಂತುಹೋಗಿತ್ತು. ಗುಂಡಿ ಒತ್ತಿದ. ಚಕ್ರವನ್ನು ಎರಡೂ ಕೈಗಳಲ್ಲಿ ಹಿಡಿದು ಕೂದಲೆಳೆಯಷ್ಟು ತಿರುಗಿಸಿದ. ಉಳಿ ಹಿತ್ತಾಳೆಗೆ ತಾಗಿತು. ಕೈ ನಡುಗುತ್ತಿತ್ತು, ಮೊಣಕೈಯವರೆಗೆ ನಡುಗುತ್ತಿತ್ತು. ಚಕ್ರ ಆ ನಡುಕವನ್ನು ನುಂಗಿಕೊಂಡಿತು. ಹೊಂಬಣ್ಣದ ಸಿಪ್ಪೆ ಏಳತೊಡಗಿತು. ಗೆರೆ ಸುತ್ತಲೂ ಒಂದೇ ಸಮನಾಗಿತ್ತು.

ಯಂತ್ರ ನಿಲ್ಲಿಸಿದಾಗ ಅವಳು ಬೆನ್ನ ಹಿಂದೆ ಇದ್ದಳು. ಎಷ್ಟು ಹೊತ್ತಿನಿಂದಲೋ. ಅವಳು ಅವನನ್ನು ನೋಡುತ್ತಿರಲಿಲ್ಲ. ಗೋಡೆಯನ್ನು ನೋಡುತ್ತಿದ್ದಳು, ಒಂದೊಂದು ಹತಾರದ ಹಿಂದಿನ ಗೆರೆಯನ್ನೂ, ಅಲೆಯಾದವುಗಳನ್ನೂ ನೇರವಾದವುಗಳನ್ನೂ, ಬೇಸಿಗೆಯನ್ನೇ ಓದುವಂತೆ.

"ಗರಗಸ ಬೆಳಿಗ್ಗೆ ಬರೆದಿದ್ದಲ್ವಾ," ಅಂದಳು.

"ಹೂಂ."

ಅವಳು ಕಾಫಿಯ ಬಟ್ಟಲನ್ನು ಬೆಂಚಿನ ಮೇಲಿಟ್ಟು, ಬಾಟಲಿಯನ್ನು ಎತ್ತಿಕೊಂಡು, ಮೆಟ್ಟಿಲ ಕಡೆಗೆ ನಡೆದಳು. "ಆರೋಗುತ್ತೆ. ಕುಡಿ."

ಬಟ್ಟಲು ಅರ್ಧದಷ್ಟೇ ತುಂಬಿತ್ತು.